ಕೀ ತೆಗೆದರೂ ನಿಲ್ಲದ ಎಂಜಿನ್

ಅತ್ತೆಯ ಕಣ್ಣಿನ ಪೊರೆ ತೆಗೆಸಲು ಹಮ್ಮಿಗಿಯಿಂದ ಗದಗಿಗೆ ಹೊರಟಿದ್ದೆವು. ಕಾರು ನಡೆಸುತ್ತಿದ್ದವಳು ನಾನು. ಮೊಣಕಾಲು ನೋವಿನ ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದರು. ನಾವು ಕೊಳ್ಳುವಾಗಲೇ ಹಳತಾಗಿದ್ದ ಟರ್ಬೊ ಡೀಸೆಲ್ ಕಾರು ಅದು. ಮುಂಡರಗಿ ದಾಟಿದ ಮೇಲೆ ಬಾನೆಟ್ಟಿನೊಳಗಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬರತೊಡಗಿತು. ಅತ್ತೆಯನ್ನು ಆಸ್ಪತ್ರೆಗೆ ಬಿಟ್ಟು ಬೆಟಗೇರಿಯ ಗ್ಯಾರೇಜಿಗೆ ತೋರಿಸಿದರಾಯಿತು ಎಂದುಕೊಂಡೆ.

ಡಂಬಳ ದಾಟಿ ಒಂದು ಲಾರಿಯನ್ನು ಹಿಂದೆ ಹಾಕಿದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಕಾರಿನ ವೇಗ ಇಳಿಯಲಿಲ್ಲ, ಏರಿತು. ಪೆಡಲ್ ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ಕಾಲ್ಬೆರಳಿಂದ ಎತ್ತಿ ನೋಡಿದೆ. ಸಡಿಲವಾಗಿಯೇ ಇತ್ತು. ಕ್ಲಚ್ ಒತ್ತಿದ್ದೇ ತಡ, ಎಂಜಿನ್ ಚೀರತೊಡಗಿತು. ಕನ್ನಡಿಯಲ್ಲಿ ರಸ್ತೆ ಕಾಣಲಿಲ್ಲ, ಬರೀ ನೀಲಿ ಹೊಗೆ. ಬ್ರೇಕ್ ಹಾಕಿ ಕಾರನ್ನು ಪಕ್ಕದ ಮಣ್ಣಿಗೆ ಇಳಿಸಿ, ನ್ಯೂಟ್ರಲ್ ಮಾಡಿ ಕೀ ಹೊರಗೆಳೆದೆ. ಕೀ ನನ್ನ ಕೈಯಲ್ಲಿತ್ತು, ಎಂಜಿನ್ ಚೀರುತ್ತಲೇ ಇತ್ತು.

ಲಕ್ಷ್ಮೇಶ್ವರದ ನನ್ನ ತವರಿನ ಹಿಟ್ಟಿನ ಗಿರಣಿ ಡೀಸೆಲ್ ಎಂಜಿನ್ನಿನಿಂದ ನಡೆಯುತ್ತಿತ್ತು. ಹಾಗಾಗಿ ಏನಾಗಿದೆ ಎಂದು ಹೊಳೆಯಿತು. ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ಲಿಗೆ ಕಿಡಿ ಬೇಕಿಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಅದುಮಿದರೆ ಅದು ವಿಪರೀತ ಕಾಯುತ್ತದೆ; ಆ ಕಾದ ಗಾಳಿಗೆ ನೇರವಾಗಿ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಕೀ ತೆಗೆದರೆ ನಿಲ್ಲುವುದು ಆ ಡೀಸೆಲ್ ಮಾತ್ರ. ಇನ್ನು ಟರ್ಬೊದಲ್ಲಿ ಒಂದೇ ದಂಡಕ್ಕೆ ಎರಡು ಚಕ್ರ. ಹೊರಹೋಗುವ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತದೆ. ಆ ದಂಡ ಸವೆಯದಂತೆ ಎಂಜಿನ್ ಆಯಿಲ್ ಹರಿಯುತ್ತಿರುತ್ತದೆ. ಅಲ್ಲಿ ಆಯಿಲ್ ಸೋರದಂತೆ ತಡೆಯುವ ಸೀಲ್ ಒಡೆದು ಅದು ಗಾಳಿಯ ಜೊತೆ ಸಿಲಿಂಡರಿಗೆ ನುಗ್ಗುತ್ತಿತ್ತು. ಎಂಜಿನ್ ತನ್ನ ಆಯಿಲನ್ನೇ ಉರಿಸುತ್ತ ಓಡುತ್ತಿತ್ತು. ಓಟ ಹೆಚ್ಚಿದಷ್ಟೂ ಟರ್ಬೊ ಇನ್ನಷ್ಟು ಆಯಿಲ್ ಒಳಗೆ ತಳ್ಳುತ್ತಿತ್ತು. ಹೀಗೇ ಬಿಟ್ಟರೆ ಎಂಜಿನ್ ಸಿಡಿದು ಬೆಂಕಿ ಹತ್ತಬಹುದಿತ್ತು.

ಇಳಿದು ಹಿಂದಿನ ಬಾಗಿಲು ತೆಗೆದು ಅತ್ತೆಯ ತೋಳು ಹಿಡಿದೆ. ಜಲ್ದಿ ಇಳಿದು ದೂರ ಹೋಗಿ ನಿಲ್ಲಿರೆಂದು ಕೂಗಿದೆ.

"ಮತ್ತ ನೀನು?" ಎಂದರು.

"ನಾ ಇದನ್ನ ನಿಲ್ಲಸ್ಬೇಕ್ರಿ, ಅತ್ತಿ."

"ಹಂಗಾದ್ರ ನಾ ಇಳಿಯಂಗಿಲ್ಲ. ನಿನ್ನ ಇದರಾಗ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?"

ಎಳೆದೆ. ಅವರು ಮುಂದಿನ ಸೀಟನ್ನು ಎರಡೂ ಕೈಯಿಂದ ತಬ್ಬಿ ಹಿಡಿದರು. ಕಾರು ಇಡಿಯಾಗಿ ಅದುರುತ್ತಿತ್ತು, ಹೊಗೆ ಒಳಗೂ ಬರತೊಡಗಿತ್ತು. ವಾದ ಮಾಡುತ್ತ ನಿಲ್ಲುವ ಹೊತ್ತಲ್ಲ ಅದು. ಓಡಿ ಬಂದು ಸ್ಟೇರಿಂಗ್ ಮುಂದೆ ಕೂತೆ.

ಇಂಥ ಹೊತ್ತಿನಲ್ಲಿ ಕೊನೆಯ ಗೇರು ಹಾಕಿ, ಬ್ರೇಕ್ ಬಿಗಿಹಿಡಿದು ಕ್ಲಚ್ ಬಿಡಬೇಕು, ತಡೆಹಿಡಿದ ಚಕ್ರಗಳ ಭಾರಕ್ಕೆ ಎಂಜಿನ್ ನಿಲ್ಲುತ್ತದೆ ಎಂದು ಡ್ರೈವಿಂಗ್ ಕಲಿಸುವಾಗ ಅಪ್ಪ ಹೇಳಿದ್ದ. ಹ್ಯಾಂಡ್‌ಬ್ರೇಕ್ ಎಳೆದು, ಐದನೇ ಗೇರು ಹಾಕಿ, ಅಂಜುತ್ತ ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂತೇ ಹೊರತು ಎಂಜಿನ್ ನಿಲ್ಲಲಿಲ್ಲ. ಕ್ಲಚ್ ಮತ್ತೆ ಒತ್ತಿದೆ. ಗಟ್ಟಿಯಾಗಿ ಹಿಡ್ಕೊಳ್ರಿ ಎಂದು ಹಿಂದಕ್ಕೆ ಕೂಗಿ, ಬ್ರೇಕಿನ ಮೇಲೆ ಮೈಭಾರವನ್ನೆಲ್ಲ ಹಾಕಿ, ಕ್ಲಚ್ಚಿನಿಂದ ಕಾಲನ್ನು ಒಮ್ಮೆಲೇ ಕಿತ್ತೆ. ಕಾರು ಮುಂದಕ್ಕೆ ಜಿಗಿದು ಗಕ್ಕನೆ ನಿಂತಿತು. ಎಂಜಿನ್ ಸತ್ತಿತ್ತು.

ಆಮೇಲೆ ಅತ್ತೆ ತಾವಾಗಿಯೇ ಇಳಿದರು. ನಾನು ಸ್ಟೇರಿಂಗ್ ಹಿಡಿದೇ ಕೂತಿದ್ದೆ. ಹಿಂದೆ ಹಾಕಿದ್ದ ಲಾರಿಯವನೇ ನಿಲ್ಲಿಸಿ ನಮ್ಮನ್ನು ಗದಗಿಗೆ ಕರೆದೊಯ್ದ.

ಆಸ್ಪತ್ರೆಯಲ್ಲಿ ಅತ್ತೆಯ ಬಿಪಿ ನೋಡಿ ಅಂದು ಆಪರೇಷನ್ ಬೇಡವೆಂದರು. ಕಾರನ್ನು ಬೆಟಗೇರಿಗೆ ಎಳೆಸಿದೆವು. ಟರ್ಬೊ ಬಿಚ್ಚಿದಾಗ ದಂಡ ಗಡಗಡ ಅಲ್ಲಾಡುತ್ತಿತ್ತು, ಗಾಳಿಯ ಪೈಪಿನ ತುಂಬ ಕರಿ ಆಯಿಲ್. ಟರ್ಬೊ, ಕ್ಲಚ್ ಎರಡೂ ಹೋಗಿದ್ದವು, ಎಂಜಿನ್ ಉಳಿದಿತ್ತು.

ಮುಂದಿನ ಸಲ ಬಸ್ಸಿಗೆ ಹೋಗೋಣವೆಂದು ನಾನೇ ಹೇಳಿದೆ. ನಿಜ ಹೇಳಬೇಕೆಂದರೆ ಸ್ಟೇರಿಂಗ್ ಮುಟ್ಟಲು ನನಗೇ ಭಯವಾಗಿತ್ತು. ಅತ್ತೆ ಒಪ್ಪಲಿಲ್ಲ.

"ಕಾರ್ ರಿಪೇರಿ ಆಗ್ಲಿ, ಅಲ್ಲೀತನಾ ಕಣ್ಣು ತಡೀತಾವು," ಎಂದರು. "ನೀನ ಕರ್ಕೊಂಡು ಹೋಗು."