ಅಜ್ಜಿಯ ಗಿಳಿ ಚಹಾ

ಇವತ್ತು ಅಜ್ಜಿಯ ಮನೆಯಲ್ಲಿ ಚಹಾ ಕುದಿಯುವ ವಾಸನೆಗೆ ನಾನು ಮತ್ತೆ ಎಂಟು ವರ್ಷದ ಹುಡುಗಿಯಾದೆ.

ಅಜ್ಜಿಗೆ ಓದು ಬಾರದು. ಚಹಾಪುಡಿ ಮುಗಿದಾಗಲೆಲ್ಲ ಪೊಟ್ಟಣದ ಮೇಲಿನ ಹಸಿರು ಗಿಳಿಯನ್ನು ಕತ್ತರಿಸಿ, ನನ್ನ ಕೈಗಿಟ್ಟು ಕೋಠಿ ಪೇಟೆಯ ಅಂಗಡಿಗೆ ಕಳಿಸುತ್ತಿದ್ದಳು. "ಗಿಳಿ ಹೋಲಿಸಿ ನೋಡು. ಬ್ಯಾರೇದು ಕೊಟ್ರ ಒಲ್ಲೆ ಅನ್ನು." ತೆಲುಗು, ಉರ್ದು ಬೋರ್ಡುಗಳ ಆ ಪೇಟೆಯಲ್ಲಿ ಅವಳಿಗೆ ಗುರುತಿದ್ದ ಮುಖ ಅದೊಂದೇ.

ದೊಡ್ಡವಳಾಗಿ ನಾನು ಪೊಟ್ಟಣಗಳ ವಿನ್ಯಾಸಕಿಯಾದೆ. ಅದೇ ಚಹಾ ಕಂಪನಿ ಕೆಲಸ ಕೊಟ್ಟಾಗ, ಹಳೇಕಾಲದ್ದೆಂದು ಗಿಳಿಯನ್ನು ತೆಗೆಸಿದವಳು ನಾನೇ.

ಇವತ್ತು ಹೆಮ್ಮೆಯಿಂದ ಹೊಸ ಪೊಟ್ಟಣ ಒಯ್ದಿದ್ದೆ. ಒಳಗಿನ ಪುಡಿ ಅದೇ. ಅಜ್ಜಿ ಒಂದು ಗುಟುಕು ಕುಡಿದು ಬಸಿ ಕೆಳಗಿಟ್ಟಳು.

"ಛಲೋ ಐತಿ. ಆದ್ರ ನಮ್ಮ ಚಹಾ ಇದಲ್ಲವ್ವ."

ಆಮೇಲೆ ದೇವರ ಪಟದ ಹಿಂದಿನಿಂದ ಬಣ್ಣ ಮಾಸಿದ ಗಿಳಿಯೊಂದನ್ನು ತೆಗೆದು ನನ್ನ ಕೈಗಿಟ್ಟಳು. "ನಾಳೆ ಇದನ್ನ ತೋರ್ಸಿ ತಗೊಂಡು ಬಾ."