ಅರವತ್ತಾರಕ್ಕೆ ದಾರಿ ಬಿಡಿ

ಊರಿನವರು ಅವನನ್ನು ಅರವತ್ತಾರು ಎಂದೇ ಕರೆಯುತ್ತಿದ್ದರು. ಅದು ವಯಸ್ಸಲ್ಲ, ಕಾರಿನ ನಂಬರು. ಅವನದು ಕನ್ನಡಕದ ಅಂಗಡಿ; ಆ ಕಸುಬಿನಲ್ಲಿ ಆರಕ್ಕೆ ಆರು ಎಂದರೆ ಚೊಕ್ಕ ದೃಷ್ಟಿ. ಆ ಎರಡು ಆರುಗಳು ಸಾರಿಗೆ ಕಚೇರಿಯಲ್ಲಿ ಹರಾಜಿಗೆ ಬಂದಾಗ ಹಟ ಹಿಡಿದು ಕೂಗಿ ಗೆದ್ದುಕೊಂಡಿದ್ದ.

"ಇನ್ನು ಅಂಗಡಿಗೆ ಬೋರ್ಡೇ ಬೇಡ ಕಣೇ, ಕಾರೇ ಬೋರ್ಡು," ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡ.

"ಹಾಗಾದ್ರೆ ಅಂಗಡಿಗೂ ಚಕ್ರ ಹಾಕಿಸಿಬಿಡಿ," ಎಂದಳು ಅವಳು.

ನಂಬರಿನ ಮಹಿಮೆ ಅವನಿಗೆ ಬೇಗನೆ ಮನವರಿಕೆಯಾಯಿತು. ಯಾವ ತಿರುವಿಗೆ ಹೋದರೂ ಎದುರಿನವರು ನಿಂತು ದಾರಿ ಬಿಡುತ್ತಿದ್ದರು. ಬಸ್ಸಿನವನು ಕೂಡ ಗಕ್ಕನೆ ಬ್ರೇಕ್ ಹಾಕಿ ಕಾಯುತ್ತಿದ್ದ. ಸೈಕಲ್ಲಿನವರು ಇಳಿದು ಬದಿಗೆ ಸರಿಯುತ್ತಿದ್ದರು. ಇವನು ಎರಡು ಬೆರಳೆತ್ತಿ ಎಲ್ಲರ ಗೌರವ ಸ್ವೀಕರಿಸುತ್ತ, ಮಂತ್ರಿಯಂತೆ ಸಾಗುತ್ತಿದ್ದ.

ಕಾರಿಗೆ ವಯಸ್ಸಾಯಿತು. ಬೀದಿ ಕೊನೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಮೇಡಂಗೆ ಅದನ್ನು ಮಾರಿ, ತೋರಿಸಿದಲ್ಲೆಲ್ಲ ಸಹಿ ಹಾಕಿದ. ಹೊಸ ಕಾರು ಬಂತು. ಹಳೆಯ ನಂಬರನ್ನೇ ಇದಕ್ಕೂ ಹಾಕಿಸೋಣವೆಂದು ಸಾರಿಗೆ ಕಚೇರಿಗೆ ಹೋದರೆ ಗುಮಾಸ್ತ ತಲೆಯಾಡಿಸಿದ.

"ಮಾರೋಕೆ ಮುಂಚೆ ನಂಬರ್ ಬಿಡಿಸ್ಕೋಬೇಕಿತ್ತು ಸಾರ್. ಈಗ ಗಾಡಿ ಜೊತೆ ಅದೂ ಹೋಯ್ತು."

"ಹರಾಜಲ್ಲಿ ಕೂಗಿದ್ದು ನಾನಲ್ವಾ?"

"ಕೂಗಿದ್ದು ನೀವೇ, ಬಿಟ್ಟುಕೊಟ್ಟಿದ್ದೂ ನೀವೇ. ಮೇಡಂ ಒಪ್ಪಿ ಬಿಡಿಸಿಕೊಟ್ರೆ ಮಾತ್ರ ವಾಪಸ್ ಬರುತ್ತೆ."

ಮನೆಗೆ ಬಂದು ಹಣೆ ಚಚ್ಚಿಕೊಂಡ. "ದಿನವಿಡೀ ಊರಿಗೆಲ್ಲ ಸಣ್ಣಕ್ಷರ ಓದಿಸೋನು ನಾನು. ನನ್ನ ಕಾಗದದ ಸಣ್ಣಕ್ಷರ ಓದೋಕೆ ಆಗಲಿಲ್ಲ ನೋಡು."

ಹೊಸ ನಂಬರಿನ ಕಾರಿಗೆ ಯಾರೂ ಕ್ಯಾರೇ ಅನ್ನಲಿಲ್ಲ. ಹಿಂದೆ ಹಾರ್ನ್, ಮುಂದೆ ಬೈಗುಳ. ಒಬ್ಬ ಬಸ್ಸಿನವನಂತೂ ಕನ್ನಡಿಯನ್ನು ಸವರಿಕೊಂಡೇ ಹೋದ. ಅದೇ ವಾರ, ಕಾರು ಮಾರಿದ ವಿಷಯ ಇನ್ನೂ ತಿಳಿಯದ ಅವನ ತಂಗಿ ಅತ್ತಿಗೆಗೆ ಫೋನ್ ಮಾಡಿದಳು.

"ಅತ್ತಿಗೆ, ಅಣ್ಣ ಹುಷಾರಾಗಿದ್ದಾನೆ ತಾನೆ? ಅಂಚೆ ಕಚೇರಿ ಹತ್ರ ಅವನ ಕಾರು ನೋಡ್ದೆ. ತಿರುವಲ್ಲಿ ನಿಂತು, ಆಕಡೆ ಈಕಡೆ ನೋಡ್ಕೊಂಡು, ನಿಧಾನವಾಗಿ ಹೋಯ್ತು. ನಂಗ್ಯಾಕೋ ಗಾಬರಿ ಆಯ್ತು."

ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅವಳಿಗೆ ಅಷ್ಟೇಕೆ ನಗು ಬಂತೆಂದು ಅವನಿಗೆ ಅರ್ಥವಾಗಲಿಲ್ಲ.

ಮರುದಿನ ಮೇಡಂ ಬಳಿ ಹೋದ. ಒಂದೇ ಕೋಣೆಯ ಆಫೀಸು. ಮೇಜಿನ ಮೇಲೆ ಬಣ್ಣದಲ್ಲಿ ಬರೆದ ನಾಲ್ಕು ರಸ್ತೆ, ಅದರ ಮೇಲೆ ಆಟದ ಕಾರುಗಳು. ಅವನು ವಿಷಯ ಹೇಳಿದ. ಆಕೆ ಒಂದು ಪುಟ್ಟ ಕಾರನ್ನು ಹಿಂದೆ ಮುಂದೆ ಉರುಳಿಸುತ್ತ ಕೂತರು.

"ಕೊಡಬಾರದು ಅಂತಲ್ಲ ಸಾರ್. ಆದ್ರೆ ಈ ನಂಬರ್ ಕಂಡ್ರೆ ರಸ್ತೆಯೇ ಖಾಲಿ ಆಗುತ್ತೆ. ಕಲಿಯೋರಿಗೆ ಅದಕ್ಕಿಂತ ಇನ್ನೇನು ಬೇಕು? ಎಲ್ ಬೋರ್ಡಿಗೂ ಜನ ಇಷ್ಟು ಹೆದರಲ್ಲ."

"ಹೆದರೋದಾ? ಅದು ಗೌರವ ಅಲ್ವಾ?"

ಮೇಡಂ ಕಿಟಕಿಯಾಚೆ ನೋಡಿದರು. "ಗೌರವಕ್ಕೆ ಯಾರೂ ಚರಂಡಿಗೆ ಹಾರಲ್ಲ ಸಾರ್."

ಇಷ್ಟು ವರ್ಷ ಎದುರು ನಿಂತ ಮುಖಗಳೆಲ್ಲ ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದ ಬಸ್ಸಿನವನು, ಮಗುವನ್ನು ಸರಕ್ಕನೆ ಎಳೆದುಕೊಂಡ ತಾಯಿ. ಆ ತಾಯಿಗೂ ತಾನು ಬೆರಳೆತ್ತಿದ್ದೆನಲ್ಲ! ಮೊದಲು ಕಿವಿ ಬಿಸಿಯಾಯಿತು, ಆಮೇಲೆ ನಗು ಉಕ್ಕಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ.

"ನಂಬರ್ ಇರಲಿ ಮೇಡಂ. ನನಗೂ ಒಂದಿಷ್ಟು ಕಲಿಸ್ತೀರಾ?"

ಅಂಗಡಿ ತೆರೆಯುವ ಮುಂಚೆ ಪಾಠ ಶುರುವಾಯಿತು. ತನ್ನದೇ ಹಳೆಯ ಕಾರಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ.

"ಕನ್ನಡಿ ನೋಡಿದ್ರಾ?"

"ನೋಡಿದೆ. ತಲೆ ಚೆನ್ನಾಗೇ ಬಾಚಿದೀನಿ."

"ಹಿಂದಿನ ಲಾರಿ ಕಾಣಿಸ್ತಾ?"

ಕಾಣಿಸಿರಲಿಲ್ಲ. ನಿಧಾನವಾಗಿ ಕಾಣಿಸತೊಡಗಿತು. ರಸ್ತೆಯಲ್ಲಿ ಇಷ್ಟೊಂದು ಜನ ಇರುತ್ತಾರೆಂದು ಅವನಿಗೆ ಗೊತ್ತೇ ಇರಲಿಲ್ಲ.

ಆ ಕಾರು ಕೊನೆಗೊಂದು ದಿನ ಗುಜರಿಗೆ ಹೊರಟಿತು. "ಈಗಲಾದ್ರೂ ತಗೊಳ್ಳಿ ಸಾರ್, ಬಿಡಿಸಿಕೊಡ್ತೀನಿ," ಎಂದರು ಮೇಡಂ. ಅವನಿಗೆ ಆಸೆಯಾಗದೆ ಇರಲಿಲ್ಲ. ಆದರೂ ಬೇಡವೆಂದ. ಸ್ಕೂಲಿನ ಹೊಸ ಕಾರಿಗೇ ಇರಲಿ ಎಂದು ತಾನೇ ಆಕೆಯನ್ನು ಸಾರಿಗೆ ಕಚೇರಿಗೆ ಕರೆದುಕೊಂಡು ಹೋದ. "ಮೊದಲು ನಂಬರ್, ಆಮೇಲೆ ಗಾಡಿ," ಎಂದು ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಕೇಳದಿದ್ದರೂ ಉಪದೇಶ ಮಾಡಿದ. ಗುಮಾಸ್ತ ತಲೆಯೆತ್ತದೆ ಮುಸಿಮುಸಿ ನಕ್ಕ.

ಈಗ ಹೆಂಡತಿಯೂ ಕಲಿಯುತ್ತಿದ್ದಾಳೆ. ಮೊದಲ ದಿನ ಅವನು ಹಿಂದಿನ ಸೀಟಿನಲ್ಲಿ ಕೂತು, ಕ್ಲಚ್ ಬಿಡು, ಗೇರ್ ಹಾಕು ಎಂದು ಶುರುಹಚ್ಚಿಕೊಂಡ. ಮೊದಲ ತಿರುವು ಬರುವಷ್ಟರಲ್ಲಿ ಮೇಡಂ ಗಾಡಿ ನಿಲ್ಲಿಸಿ ಅವನನ್ನು ಇಳಿಸಿಬಿಟ್ಟರು. ಅಲ್ಲಿಂದ ಅಂಗಡಿಗೆ ನಡೆದುಕೊಂಡೇ ಹೋದ.