ಕಿಬ್ವಾನ ಮುಟ್ಟದ ಹುಂಜ

ನಮ್ಮ ಅತ್ತೆ ಮಿಲೆಂಬೆ ಯಾರನ್ನಾದರೂ ಬಾಯಿತುಂಬ ಬೈಯುತ್ತಿದ್ದಾಳೆ ಅಂದರೆ ಆ ಮನುಷ್ಯ ಅವಳಿಗೆ ಬೇಕಾದವನು ಎಂದೇ ಅರ್ಥ. ಬೇಡದವರ ಜೊತೆ ಅವಳು ಮಾತೇ ಆಡುವುದಿಲ್ಲ. ಆ ಲೆಕ್ಕದಲ್ಲಿ ಕಿಬ್ವಾನ ಪಾಜಿಯಷ್ಟು ಬೇಕಾದವನು ಅವಳಿಗೆ ಇನ್ನೊಬ್ಬ ಇರಲಿಲ್ಲ. ಅವನ ಸೈಕಲ್ಲಿನ ಗಂಟೆ ಭತ್ತದ ಗದ್ದೆಯ ಆಚೆ ಕೇಳಿಸಿದರೆ ಸಾಕು, ಒಲೆಯ ಮುಂದೆ ಕೂತೇ ಶುರು ಮಾಡುತ್ತಿದ್ದಳು.

“ಬಂತು ನೋಡು ಕರಾವಳಿ ಸೊಳ್ಳೆ! ಮಿಕ್ಕಿದ್ದೆಲ್ಲಾ ರಾತ್ರಿ ಕಚ್ತವೆ, ಇದಕ್ಕೆ ನಾಚಿಕೆನೇ ಇಲ್ಲ, ಹಾಡಹಗಲೇ ಬರುತ್ತೆ.”

“ನಿನ್ನ ಮೈಯಲ್ಲಿ ರಕ್ತ ಎಲ್ಲಿದೆ ಅಜ್ಜಿ? ಬರೀ ಮಜ್ಜಿಗೆ. ಕಚ್ಚಿದ ಸೊಳ್ಳೆಗೂ ನೆಗಡಿ ಆಗುತ್ತೆ.”

“ತೆಂಗಿನಕಾಯಿ ತಿಂದು ಮಧ್ಯಾಹ್ನ ಮಲಗೋ ಜಾತಿ ನಿಂದು. ರಕ್ತದ ವಿಷಯ ನಿಂಗೇನು ಗೊತ್ತು?”

“ಹೆಂಡತಿ ಹೆಸರು ಮರೆತ್ರೂ ಹಸು ಹೆಸರು ಮರೆಯದ ಜಾತಿ ನಿಂದು. ಉಗಾಲಿ ಮುದ್ದೆ ಉಳಿದಿದ್ರೆ ಹಾಕು, ಹಸಿವಾಗಿದೆ.”

ಇದು ಜಗಳವಲ್ಲ. ಅವನು ಸಮುದ್ರದ ಕಡೆಯ ಜರಾಮೊ ಬುಡಕಟ್ಟಿನವನು, ನಾವು ದನ ಹೊಡೆದುಕೊಂಡು ಕಿಲೊಂಬೆರೊ ಕಣಿವೆಗೆ ಇಳಿದ ಸುಕುಮಾಗಳು. ನಮ್ಮ ಎರಡೂ ಬುಡಕಟ್ಟುಗಳಿಗೂ ಮುತ್ತಾತಂದಿರ ಕಾಲದಿಂದ ಗೇಲಿಯ ನಂಟು. ಉತಾನಿ ಅನ್ನುತ್ತೇವೆ. ಆ ನಂಟಿನವನು ನಿಮ್ಮ ಅಂಗಳದಿಂದ ಕೋಳಿಯನ್ನೋ ಮೇಕೆಯನ್ನೋ ಎತ್ತಿಕೊಂಡು ಹೋಗಬಹುದು. ನೀವು ಹಿಂದೆ ಹೋಗಿ ದಂಡ ತೆತ್ತು ಬಿಡಿಸಿಕೊಂಡು ಬರಬೇಕು. ಸಾವಿನ ಮನೆಯಲ್ಲಿ ಹೆಣಕ್ಕೆ ಅಡ್ಡ ನಿಂತು ಜನರನ್ನು ನಗಿಸಬಹುದು. ಬಹುದೇನು, ನಗಿಸಲೇಬೇಕು. ಅವನು ಏನೇ ಮಾಡಿದರೂ ಸಿಟ್ಟಾಗುವಂತಿಲ್ಲ. ಸಿಟ್ಟಾದವರ ಮಾನ ಊರಲ್ಲಿ ಮೂರು ಕಾಸಿಗೂ ಉಳಿಯುವುದಿಲ್ಲ.

ಪೇಟೆಯಲ್ಲಿ ಮಲೇರಿಯಾ ಸಂಶೋಧನೆ ಮಾಡುವವರ ಕೇಂದ್ರವೊಂದಿತ್ತು. ಔಷಧಿಯಲ್ಲಿ ಅದ್ದಿದ ಸೊಳ್ಳೆಪರದೆ ಕಟ್ಟಿದ ಊರಲ್ಲಿ ಜ್ವರ ಎಷ್ಟು, ಕಟ್ಟದ ಊರಲ್ಲಿ ಎಷ್ಟು ಎಂದು ಅವರು ನೋಡುತ್ತಿದ್ದರು. ಕಿಬ್ವಾನ ಅವರಿಗಾಗಿ ಮನೆ ಮನೆ ಸುತ್ತಿ, ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಹಚ್ಚಿಕೊಂಡು ಹೋಗುವವನು. ಅದಕ್ಕೆ ಮೊದಲು ಬಸ್ ನಿಲ್ದಾಣದಲ್ಲಿ ಕರಿದ ಮೀನು ಮಾರುತ್ತಿದ್ದನಂತೆ. ಅವನಲ್ಲಿ ನಾನು ಮೆಚ್ಚಿದ ಗುಣ ಒಂದಿತ್ತು. ಹನಿ ಒಯ್ದು ಮರೆಯುವವನಲ್ಲ ಅವನು. ಮಳೆಯಿರಲಿ ಕೆಸರಿರಲಿ, ಆ ಹನಿಯಲ್ಲಿ ಏನು ಕಂಡಿತು ಎಂದು ತಿರುಗಿ ಬಂದು ಹೇಳುತ್ತಿದ್ದ. ಬೇರೆ ಯಾವ ಕಚೇರಿಯವರೂ ಹಾಗೆ ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಇಷ್ಟಾದರೂ ಅತ್ತೆ ಬೆರಳು ಕೊಡಲಿಲ್ಲ. ನನ್ನ ಮಗ ಗಿಂಡುವಿನ ಬೆರಳನ್ನೂ ಕೊಡಗೊಡಲಿಲ್ಲ. “ನಮ್ಮ ರಕ್ತ ಮಾರಿ ಮನೆ ಕಟ್ತೀಯ” ಅನ್ನುತ್ತಿದ್ದಳು. “ಕಟ್ಟಿದ್ರೆ ಈ ಹರಕು ಸೈಕಲ್ ಯಾಕೆ ತುಳೀತಿದ್ದೆ ಅಜ್ಜಿ” ಎಂದು ನಕ್ಕು ಅವನು ಮುಂದಿನ ಮನೆಗೆ ಹೋಗುತ್ತಿದ್ದ. ಒಲ್ಲೆ ಎಂದವರನ್ನು ಒತ್ತಾಯ ಮಾಡಬಾರದು ಎನ್ನುವುದು ಅವರ ಕೇಂದ್ರದ ನಿಯಮ.

ಭತ್ತ ತೆನೆ ಕಟ್ಟುವ ಕಾಲ. ನನ್ನ ಗಂಡ ದನಗಳ ಜೊತೆ ಹುಲ್ಲುಗಾವಲಿಗೆ ಹೋಗಿದ್ದ. ಗಿಂಡು ಆಗಿನ್ನೂ ಸರಿಯಾಗಿ ಮಾತು ಕಲಿಯದ ಕೂಸು. ಹಿಂದಿನ ದಿನದಿಂದ ಮೈ ಕೆಂಡದಂತೆ ಸುಡುತ್ತಿತ್ತು. ಬೆಳಿಗ್ಗೆ ನನ್ನ ಮಡಿಲಲ್ಲೇ ಸೆಟೆದುಕೊಂಡ. ಕಣ್ಣು ಮೇಲೆ ಹೋಯಿತು, ಕೈಕಾಲು ಅದುರತೊಡಗಿದವು. ನಾನು ಮಗುವನ್ನು ಎತ್ತಿಕೊಂಡು ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

“ಆಸ್ಪತ್ರೆಗೆ ಬೇಡ. ಇದು ಹಕ್ಕಿ ನೆರಳು ಬಿದ್ದಿರೋದು. ಮೊದಲು ನಾಟಿ ವೈದ್ಯನ ಹೊಗೆ ಆಗ್ಬೇಕು. ನಡುಗೋ ಮಗೂಗೆ ಸೂಜಿ ಚುಚ್ಚಿದ್ರೆ ಉಳಿಯಲ್ಲ.”

“ಅತ್ತೆ, ದಾರಿ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ನನ್ನ ಕೊಂದು ದಾಟು.”

ಅವಳ ಕತ್ತು ಹಿಸುಕುವಷ್ಟು ಸಿಟ್ಟು ಬಂದಿತ್ತು ನನಗೆ. ಆದರೆ ಅವಳೂ ಅಳುತ್ತಿದ್ದಳು. ಅವಳ ಕಿರಿಮಗಳು ಹೀಗೆಯೇ ನಡುಗುತ್ತಾ, ಸೂಜಿ ಚುಚ್ಚಿಸಿಕೊಂಡ ಸಂಜೆಯೇ ತೀರಿಹೋಗಿದ್ದಳು. ಆಸ್ಪತ್ರೆಗೆ ಒಯ್ದದ್ದೇ ತೀರ ತಡವಾಗಿ. ಆದರೆ ತಾಯಿಗೆ ನೆನಪಿನಲ್ಲಿ ಉಳಿದದ್ದು ಸೂಜಿ ಮಾತ್ರ.

ಆಗ ಸೈಕಲ್ಲಿನ ಗಂಟೆ ಕೇಳಿಸಿತು. ಅತ್ತೆ ಬೈಯಲಿಲ್ಲ. ಅಷ್ಟರಿಂದಲೇ ಏನೋ ಕೆಟ್ಟಿದೆ ಎಂದು ಕಿಬ್ವಾನನಿಗೆ ತಿಳಿಯಿತು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಅತ್ತೆಯ ಪಕ್ಕದಿಂದ ಒಳಗೆ ಬಂದು ಮಗುವನ್ನು ನೋಡಿದ, ಅತ್ತೆಯ ಮುಖ ನೋಡಿದ. ಮಲೇರಿಯಾ ತಲೆಗೇರಿದೆ, ಈಗಲೇ ಹೊರಡಬೇಕು ಎಂದು ಮೆಲ್ಲಗೆ ಹೇಳಿದ. ಅವಳು ತಲೆ ಅಲ್ಲಾಡಿಸಿದಳು. ಅವನು ಮತ್ತೆ ಹೇಳಿದ. ಅವಳು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಕಿಬ್ವಾನ ಅಂಗಿಯ ತೋಳು ಮೇಲೇರಿಸಿದ. ಆಮೇಲೆ ಇಡೀ ಕೇರಿಗೆ ಕೇಳುವ ಹಾಗೆ ಕೂಗಿದ.

“ಏ ಸುಕುಮಾ ಮುದುಕಿ! ಎಷ್ಟು ವರ್ಷದಿಂದ ನಿನ್ನ ಬೈಗುಳ ತಿಂದಿದ್ದೀನಿ, ಒಂದು ಕೋಳಿನಾದ್ರೂ ಎತ್ಕೊಂಡು ಹೋಗಿದ್ದೀನಾ? ಇವತ್ತು ನನ್ನ ಪಾಲು ತಗೊಳ್ತೀನಿ. ಈ ಮೇಕೆಮರಿ ನಂದು. ಬೇಕಿದ್ರೆ ದಂಡ ತಂದು ಬಿಡಿಸ್ಕೋ!”

ಹಾಗೆಂದವನೇ ನನ್ನ ತೋಳಿನಿಂದ ಗಿಂಡುವನ್ನು ಎತ್ತಿಕೊಂಡ, ಅತ್ತೆಯ ಕಂಕುಳ ಕೆಳಗಿನಿಂದ ತೂರಿ ಅಂಗಳಕ್ಕೆ ಹಾರಿದ. ಅತ್ತೆ ತಲೆ ಹೊರಳಿಸಿ ನೋಡಿದಳು. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಗೇಲಿಯ ನಂಟಿನವನು ಮೇಕೆ ಎತ್ತಿಕೊಂಡಿದ್ದಾನೆ, ತಡೆಯುವಂತಿಲ್ಲ, ಕೋಪಿಸಿಕೊಳ್ಳುವಂತಿಲ್ಲ. ಬಾಗಿಲು ಹಿಡಿದಿದ್ದ ಅವಳ ಕೈ ತಾನಾಗಿ ಕೆಳಗಿಳಿಯಿತು.

“ಏನು ನೋಡ್ತಾ ನಿಂತಿದ್ದೀಯ ಗಿಂಡುನಮ್ಮ? ಮೇಕೆ ಜೊತೆ ಹಗ್ಗಾನೂ ಬರ್ಬೇಕು. ಹತ್ತು!” ಎಂದು ನನಗೆ ಕೂಗಿದ.

ನಾನು ಹಿಂದೆ ಕೂತು ಮಗುವನ್ನು ಎದೆಗೆ ಅವುಚಿಕೊಂಡೆ. ಕೆಸರಿನ ದಾರಿಯಲ್ಲಿ ಅವನು ತುಳಿದ ಪರಿ ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ. ದಾರಿಯುದ್ದಕ್ಕೂ ಅವನು ಒಂದೂ ಗೇಲಿ ಮಾತಾಡಲಿಲ್ಲ. ತನ್ನ ದೇವರ ಹೆಸರನ್ನು ಉಸಿರಿಗೊಮ್ಮೆ ಹೇಳುತ್ತಿದ್ದ.

ಮಾರನೆಯ ದಿನ ಅತ್ತೆ ಆಸ್ಪತ್ರೆಗೆ ನಡೆದುಕೊಂಡೇ ಬಂದಳು. ಕಂಕುಳಲ್ಲಿ ನಮ್ಮ ಮನೆಯ ದೊಡ್ಡ ಕೆಂಪು ಹುಂಜ. ಗಿಂಡು ಹಾಸಿಗೆಯಲ್ಲಿ ಕೂತು ಗಂಜಿಯನ್ನು ಅರ್ಧ ಕುಡಿದು ಅರ್ಧ ಮೈಮೇಲೆ ಚೆಲ್ಲಿಕೊಂಡಿದ್ದ. ಅವಳು ಮಗುವಿನ ಹಣೆ ಮುಟ್ಟಿ ನೋಡಿದಳು, ಪಾದ ಮುಟ್ಟಿ ನೋಡಿದಳು. ತೋಳಿನಲ್ಲಿ ಸೂಜಿಯ ಗುರುತಿತ್ತು, ಅದನ್ನೂ ಮುಟ್ಟಿ ನೋಡಿದಳು. ಆಮೇಲೆ ಕಿಬ್ವಾನನ ಕಡೆ ತಿರುಗಿ ಹುಂಜ ಚಾಚಿದಳು.

“ತಗೋ ದಂಡ. ನನ್ನ ಮೇಕೆ ಬಿಡು.”

ಕಿಬ್ವಾನ ಕೈ ಹಿಂದೆ ಕಟ್ಟಿಕೊಂಡ. “ಆಗಲ್ಲ ಅಜ್ಜಿ. ನಾವು ಸುತ್ತೋ ಮನೆಗಳವರಿಂದ ಏನೂ ತಗೋಬಾರ್ದು ಅಂತ ನಿಯಮ ಇದೆ.”

“ದಂಡ ತಗೊಳ್ಳದಿದ್ರೆ ಮೇಕೆ ನಿಂದೇ ಆಗುತ್ತೆ, ಗೊತ್ತಿದೆ ತಾನೆ?”

“ಆಗ್ಲಿ ಬಿಡು. ಮೇಯಿಸೋ ಕೆಲಸ ನಿಂದು.”

ಅತ್ತೆ ಅವನನ್ನೇ ದಿಟ್ಟಿಸಿ ನೋಡಿದಳು. ಹುಂಜವನ್ನು ನನ್ನ ಕೈಗೆ ತುರುಕಿ ತನ್ನ ಬೆರಳು ಮುಂದೆ ಮಾಡಿದಳು. “ಹಾಗಾದ್ರೆ ಇದನ್ನಾದ್ರೂ ಚುಚ್ಚು.”

“ದಂಡ ಅಂತ ಕೊಡೋ ಹಾಗಿಲ್ಲ. ಪೂರ್ತಿ ಕೇಳಿ, ಒಪ್ಪಿಗೆ ಆದ್ರೆ ಮಾತ್ರ,” ಎಂದು ಅವನು ಚೀಲದಿಂದ ಹಾಳೆ ತೆಗೆದು, ರಕ್ತ ಯಾಕೆ, ಎಷ್ಟು, ಒಲ್ಲೆ ಅಂದರೂ ಏನೂ ತೊಂದರೆಯಿಲ್ಲ ಎಂದು ಓದತೊಡಗಿದ.

“ನೀನು ಓದಿ ಮುಗಿಸೋಷ್ಟರಲ್ಲಿ ನನ್ನ ರಕ್ತ ಒಣಗಿ ಹೋಗುತ್ತೆ. ಚುಚ್ಚೋ ತೆಂಗಿನಕಾಯಿ!”

ಮನೆಯವರ ಒಪ್ಪಿಗೆ ಇಲ್ಲದೆ ಮಗುವನ್ನು ಎತ್ತಿದ್ದು ಹೇಗೆ ಎಂದು ಅವನ ಮೇಲಿನವರು ಕೇಳಿದರಂತೆ. “ಮಗು ಎತ್ತಿಲ್ಲ ಸಾರ್, ಮೇಕೆ ಎತ್ತಿದ್ದು” ಎಂದನಂತೆ. ಅವರೂ ಈ ನಾಡಿನವರೇ. ಅಧಿಕಾರದ ಮುಖ ಮಾಡಿಕೊಂಡು ಎಷ್ಟು ಹೊತ್ತು ಕೂತಾರು?

ಅಂದಿನಿಂದ ನಮ್ಮ ಕೇರಿಯವರೆಲ್ಲ ಬೆರಳು ಕೊಟ್ಟರು. ಸಂಶೋಧನೆ ಮುಗಿದಾಗ ನಮ್ಮಂಥ ಪರದೆ ಇಲ್ಲದ ಊರುಗಳಿಗೂ ಪರದೆ ಬಂತು. ಅದನ್ನು ಹೇಗೆ ಕಟ್ಟಬೇಕೆಂದು ಅತ್ತೆಯೇ ಮನೆ ಮನೆಗೆ ಹೋಗಿ, ಬೈದು, ತೋರಿಸಿಕೊಟ್ಟಳು. ಕಿಬ್ವಾನ ಕರಾವಳಿಯ ತನ್ನ ಊರಿಗೆ ಹಿಂತಿರುಗದೆ, ಪೇಟೆಯಂಚಿನಲ್ಲಿ ಹೆಂಡತಿ ಜುಹೂರಾಳ ಜೊತೆ ಮನೆ ಮಾಡಿಕೊಂಡ. ಆ ಮನೆ ಕಟ್ಟುವಾಗ “ಯಾರ ರಕ್ತ ಮಾರಿದೆ?” ಎಂದು ಅತ್ತೆ ಕೇಳದೆ ಬಿಡಲಿಲ್ಲ. ನಮ್ಮಲ್ಲಿಗೆ ಬಂದಾಗಲೆಲ್ಲ ಅವನ ಮೊದಲ ಮಾತು ಒಂದೇ: “ನನ್ನ ಮೇಕೆ ಹೇಗಿದೆ? ಸೊರಗಿಸಿದ್ದೀಯ ಮುದುಕಿ.” ಗಿಂಡು ಅವನಿಗಿಂತ ಎತ್ತರ ಬೆಳೆದ ಮೇಲೂ ಇದು ನಡೆಯಿತು.

ಕಳೆದ ವರ್ಷ, ಬಿಸಿಲಿನ ದಿನಗಳಲ್ಲಿ, ಕಿಬ್ವಾನ ತೀರಿಕೊಂಡ. ವಯಸ್ಸಾಗಿತ್ತು, ಎದೆ ಸೋತಿತ್ತು. ನಾವು ಹೋಗುವ ಹೊತ್ತಿಗೆ ಹೆಣವನ್ನು ಚಟ್ಟದ ಮೇಲಿಟ್ಟು ಹೊರಡಲು ಅಣಿಯಾಗಿದ್ದರು. ಎಲ್ಲರೂ ನಮ್ಮ ಕಡೆ ನೋಡಿದರು. ನಗಿಸಬೇಕಾದವರು ಬಂದರು ಎಂದು ದಾರಿ ಬಿಟ್ಟರು. ನಾನು ಅತ್ತೆಯ ಹಿಂದೆ ಸರಿದೆ. ನನ್ನ ಮಗನನ್ನು ಉಳಿಸಿಕೊಟ್ಟವನ ಮುಂದೆ ಯಾವ ಬಾಯಲ್ಲಿ ಗೇಲಿ ಮಾಡಲಿ?

ಅತ್ತೆಗೆ ಈಗ ಕಣ್ಣು ಮಂಜು. ಗಿಂಡುವಿನ ತೋಳು ಹಿಡಿದುಕೊಂಡು ಮುಂದೆ ಹೋಗಿ, ಚಟ್ಟಕ್ಕೆ ಅಡ್ಡಲಾಗಿ ನೆಲದ ಮೇಲೆ ಕೂತೇಬಿಟ್ಟಳು. ಸೆರಗಿನಡಿಯಿಂದ ಒಂದು ಕೆಂಪು ಹುಂಜವನ್ನು ಹೊರತೆಗೆದಳು.

“ಏಳೋ! ಹೊತ್ತು ನೆತ್ತಿಗೆ ಬಂದಿದೆ, ಇನ್ನೂ ಮಲಗಿದ್ದೀಯ. ನಾನು ಆವತ್ತೇ ಹೇಳಿರಲಿಲ್ವಾ, ಮಧ್ಯಾಹ್ನ ಮಲಗೋ ಜಾತಿ ಅಂತ?”

ಜನ ನಕ್ಕರು. ಅಳುತ್ತಿದ್ದ ಜುಹೂರಾಳೂ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಳು.

“ನಿಯಮ ನಿಯಮ ಅಂತ ಕೈ ಹಿಂದೆ ಕಟ್ಕೊಂಡಿದ್ದೆ. ಈಗ ನಿಂಗೆ ಕೆಲಸಾನೂ ಇಲ್ಲ, ನಿಯಮಾನೂ ಇಲ್ಲ. ತಗೋ ಹುಂಜ. ನನ್ನ ಮೇಕೆ ಬಿಡು.”

ಜುಹೂರಾ ಎದ್ದು ಬಂದು ಅತ್ತೆಯ ಪಕ್ಕ ಕೂತಳು. ಗಂಡ ಏನೋ ಹೇಳುತ್ತಿದ್ದಾನೆ ಎನ್ನುವಂತೆ ಚಟ್ಟದ ಕಡೆ ಕಿವಿ ಬಾಗಿಸಿ, ಆಮೇಲೆ ಹುಂಜವನ್ನು ಮೆಲ್ಲಗೆ ಅತ್ತೆಯ ಮಡಿಲಿಗೇ ತಳ್ಳಿದಳು.

“ಈಗಲೂ ಬೇಡ ಅಂತಿದ್ದಾನೆ ಅಜ್ಜಿ. ಮೇಕೆ ತನ್ನದೇ ಅಂತೆ.”

ಅತ್ತೆ ಹುಂಜವನ್ನು ಅವುಚಿಕೊಂಡಳು. ಗೇಲಿಯ ನಂಟಿನವರು ಅಳುವಂತಿಲ್ಲ, ಅವಳು ಅಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗಿಂಡುವಿನ ಕಾಲನ್ನು ಕೈಯಿಂದ ತಡವಿ, ಮೆಲ್ಲಗೆ ಮುಂದಕ್ಕೆ ದೂಡಿದಳು.

“ಕೇಳಿಸ್ತಾ? ಹೋಗು, ನಿನ್ನ ಯಜಮಾನನಿಗೆ ಹೆಗಲು ಕೊಡು.”